ಟೆಕ್ ದಾಖಲೆಯೊಳಗಿಂದ ಕಾರ್ಯಾಚರಣಾ ವ್ಯವಸ್ಥೆಯ ಮಾಹಿತಿಯನ್ನು ಕೇಳಿ ಪಡೆಯುವ ಬಗೆ

ಒಂದೇ ಮೂಲ ಕಡತವನ್ನು ಯಾವ ಕಂಪ್ಯೂಟರಿನಲ್ಲಿ ಜೋಡಿಸಿದರೂ ಸಾಲುಗಳೂ ಪುಟಗಳೂ ಒಂದೇ ರೀತಿಯಲ್ಲಿ ಮೂಡಿಬರಬೇಕು ಎಂಬುದು ಡೊನಾಲ್ಡ್ ಕ್ನೂತ್ ಅವರು ಟೆಕ್ ಅಕ್ಷರಜೋಡಣೆ ವ್ಯವಸ್ಥೆಯನ್ನು ರೂಪಿಸುವಾಗ ಇಟ್ಟುಕೊಂಡ ಗುರಿಗಳಲ್ಲಿ ಒಂದು. ಆದ್ದರಿಂದಲೇ ಮೂಲ ಟೆಕ್‌ಗೆ ತನ್ನ ಹೊರಗಿನ ಲೋಕದ ಬಗ್ಗೆ ತಿಳಿದಿರುವುದು ಬಹಳ ಕಡಿಮೆ: ವರ್ಷ, ತಿಂಗಳು, ದಿನ, ನಡುರಾತ್ರಿಯಿಂದ ಕಳೆದ ನಿಮಿಷಗಳ ಸಂಖ್ಯೆ, ಮತ್ತು ಜೋಡಣೆಗೊಳ್ಳುತ್ತಿರುವ ಕೆಲಸದ ಹೆಸರು. ತಾನು ವಿಂಡೋಸ್‌ನಲ್ಲಿದ್ದೇನೆಯೇ, ಲಿನಕ್ಸ್‌ನಲ್ಲಿದ್ದೇನೆಯೇ, ಯಾವ ಫೋಲ್ಡರಿನಲ್ಲಿ ಓಡುತ್ತಿದ್ದೇನೆ ಎಂಬುದನ್ನು ಹೇಳುವ ಆದೇಶ ಅದರಲ್ಲಿ ಇಲ್ಲ. ಆದರೆ ಇಂದು ಅಂಥ ಮಾಹಿತಿ ಬೇಕಾಗುವ ಸಂದರ್ಭಗಳು ನಿಜವಾಗಿಯೂ ಇವೆ. ವ್ಯವಸ್ಥೆಗೆ ತಕ್ಕ ಫಾಂಟ್ ಆರಿಸಬೇಕಾಗಬಹುದು, ತಾಂತ್ರಿಕ ವರದಿಯೊಂದರಲ್ಲಿ ಪ್ರಯೋಗ ನಡೆದ ಯಂತ್ರದ ವಿವರ ತಾನಾಗಿ ಮುದ್ರಣವಾಗಬೇಕಾಗಬಹುದು, ಒಂದು ಫೋಲ್ಡರಿನಲ್ಲಿರುವ ಎಲ್ಲ ಚಿತ್ರಗಳನ್ನೂ ಪಟ್ಟಿ ಮಾಡಬೇಕಾಗಬಹುದು. ಇವುಗಳನ್ನು ಸಾಧಿಸುವ ದಾರಿಗಳು ಹಲವು, ಮತ್ತು ಅವುಗಳ ಅಪಾಯ ಒಂದೇ ಮಟ್ಟದ್ದಲ್ಲ. ನನ್ನ ಅಭಿಪ್ರಾಯದಲ್ಲಿ ಸರಿಯಾದ ಕ್ರಮವೆಂದರೆ, ಅತಿ ಕಡಿಮೆ ಅಧಿಕಾರ ಬೇಡುವ ದಾರಿಯಿಂದ ಆರಂಭಿಸಿ, ಅಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗುವುದು. ಈ ಮಾರ್ಗದರ್ಶಿ ಅದೇ ಕ್ರಮವನ್ನು ಅನುಸರಿಸುತ್ತದೆ.

ಆದೇಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ನಿಮ್ಮ ಕಡತದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು.

ಮೊದಲ ಹೆಜ್ಜೆ: ಕೇಳಬೇಕಾದದ್ದು ಏನು ಎಂದು ನಿರ್ಧರಿಸಿ

‘ಯಾವ ಕಾರ್ಯಾಚರಣಾ ವ್ಯವಸ್ಥೆ’ ಎಂಬ ಪ್ರಶ್ನೆಯ ಹಿಂದೆ ಅನೇಕ ವೇಳೆ ಬೇರೊಂದು ಪ್ರಶ್ನೆ ಇರುತ್ತದೆ. ಫಾಂಟ್ ಆಯ್ಕೆಗಾಗಿ ವ್ಯವಸ್ಥೆಯ ಹೆಸರು ಹುಡುಕುವವರಿಗೆ ನಿಜವಾಗಿ ಬೇಕಾಗಿರುವುದು ಆ ಫಾಂಟ್ ಅಲ್ಲಿದೆಯೇ ಎಂಬ ಉತ್ತರ. ಅದನ್ನು ಫಾಂಟ್‌ಸ್ಪೆಕ್ ಪ್ಯಾಕೇಜಿನ \ಇಫ್‌ಫಾಂಟ್‌ಎಕ್ಸಿಸ್ಟ್ಸ್‌ಟಿಎಫ್ ಆದೇಶ ನೇರವಾಗಿ ಕೊಡುತ್ತದೆ. ಕಡತದ ಹಾದಿಯಲ್ಲಿ ಯಾವ ಓರೆಗೆರೆ ಹಾಕಬೇಕು ಎಂಬ ಚಿಂತೆಯೂ ಅನಗತ್ಯ, ಏಕೆಂದರೆ ವಿಂಡೋಸ್‌ನಲ್ಲಿಯೂ ಟೆಕ್ ಮುಂದೋರೆಗೆರೆಯನ್ನು ಒಪ್ಪುತ್ತದೆ. ಈ ಎರಡರಲ್ಲಿ ಒಂದು ನಿಮ್ಮ ಕಾರಣವಾಗಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು.

ಹೊರಗಿನ ಆದೇಶವನ್ನು ಓಡಿಸದೆ ಸಿಗುವ ಮಾಹಿತಿ

ಇತ್ತೀಚಿನ ಎಂಜಿನ್‌ಗಳು, ಅಂದರೆ ಪಿಡಿಎಫ್‌ಟೆಕ್, ಜೀಟೆಕ್ (XeTeX), ಲುವಾಟೆಕ್ ಎಂಬ ಟೆಕ್‌ನ ಮುಂದುವರಿದ ರೂಪಗಳು, ಮೂಲ ಟೆಕ್‌ಗಿಂತ ಹೆಚ್ಚು ತಿಳಿದಿವೆ. ಪಿಡಿಎಫ್‌ಟೆಕ್‌ನಲ್ಲಿ \ಪಿಡಿಎಫ್‌ಕ್ರಿಯೇಶನ್‌ಡೇಟ್ ಎಂಬ ಆದೇಶವು ಸೆಕೆಂಡಿನವರೆಗಿನ ಸಮಯವನ್ನೂ ಕಾಲವಲಯದ ಅಂತರವನ್ನೂ ಕೊಡುತ್ತದೆ. \ಪಿಡಿಎಫ್‌ಫೈಲ್‌ಸೈಜ್, \ಪಿಡಿಎಫ್‌ಫೈಲ್‌ಮಾಡ್‌ಡೇಟ್, \ಪಿಡಿಎಫ್‌ಎಂಡಿಫೈವ್‌ಸಮ್ ಎಂಬವು ಕ್ರಮವಾಗಿ ಒಂದು ಕಡತದ ಗಾತ್ರ, ಕೊನೆಯ ಬದಲಾವಣೆಯ ದಿನಾಂಕ ಮತ್ತು ಎಂಡಿ5 ಮೊತ್ತವನ್ನು (ಕಡತದ ಒಳಪಠ್ಯದಿಂದ ಲೆಕ್ಕಹಾಕಿದ ಗುರುತುಸಂಖ್ಯೆಯನ್ನು) ತಿಳಿಸುತ್ತವೆ. ಜೀಟೆಕ್‌ನಲ್ಲಿ ಇವೇ ಆದೇಶಗಳು ಮೊದಲಿನ ‘ಪಿಡಿಎಫ್’ ಎಂಬ ಭಾಗವಿಲ್ಲದೆ ದೊರೆಯುತ್ತವೆ. ಪಿಡಿಎಫ್‌ಟೆಕ್‌ನ \ಪಿಡಿಎಫ್‌ಟೆಕ್‌ಬ್ಯಾನರ್ ಆವೃತ್ತಿಯ ಜೊತೆಗೆ ವಿತರಣೆಯ, ಅಂದರೆ ಟೆಕ್ ಮತ್ತು ಅದರ ಪರಿಕರಗಳನ್ನು ಒಟ್ಟಾಗಿ ಒದಗಿಸುವ ಸಂಗ್ರಹದ, ಹೆಸರನ್ನೂ ಹೇಳುತ್ತದೆ. ಟೆಕ್ ಲೈವ್ ಬಳಕೆಯಲ್ಲಿದೆಯೇ ಮಿಕ್‌ಟೆಕ್ ಇದೆಯೇ ಎಂದು ಅದರಿಂದ ಊಹಿಸಬಹುದು, ಆದರೆ ಅದನ್ನು ಕಾರ್ಯಾಚರಣಾ ವ್ಯವಸ್ಥೆಯ ಸಾಕ್ಷಿಯೆಂದು ನಂಬುವಂತಿಲ್ಲ.

ವ್ಯವಸ್ಥೆಯ ಕುಲವನ್ನು ಕಂಡುಕೊಳ್ಳಲು ಒಂದು ಸರಳವಾದ ಉಪಾಯವಿದೆ. ಯುನಿಕ್ಸ್ ಕುಲದ ಎಲ್ಲ ವ್ಯವಸ್ಥೆಗಳಲ್ಲೂ ‘/ಡೆವ್/ನಲ್’ ಎಂಬ ವಿಶೇಷ ಕಡತವಿರುತ್ತದೆ, ವಿಂಡೋಸ್‌ನಲ್ಲಿ ‘ನಲ್:’ ಎಂಬ ಸಾಧನವಿರುತ್ತದೆ. ಯಾವುದು ಇದೆ ಎಂದು ಪರೀಕ್ಷಿಸಿದರೆ ಸಾಕು. ಟೆಕ್ ಮೇಲೆ ಕಟ್ಟಿದ ಮ್ಯಾಕ್ರೋ ವ್ಯವಸ್ಥೆಯಾದ ಲೇಟೆಕ್‌ನ ಎಕ್ಸ್‌ಪಿಎಲ್3 ಎಂಬ ಪ್ರೋಗ್ರಾಮಿಂಗ್ ಪದರವು ಲುವಾಟೆಕ್ ಅಲ್ಲದ ಎಂಜಿನ್‌ಗಳಲ್ಲಿ ಈ ಪರೀಕ್ಷೆಯನ್ನೇ ಮಾಡಿ, ಫಲಿತಾಂಶವನ್ನು ಪ್ಲಾಟ್‌ಫಾರ್ಮ್ ಎಂಬ ಸ್ಥಿರ ಪಠ್ಯದಲ್ಲಿ ‘ಯುನಿಕ್ಸ್’ ಅಥವಾ ‘ವಿಂಡೋಸ್’ ಎಂದು ಇಟ್ಟಿರುತ್ತದೆ. ಅದಕ್ಕೆ ಸಂಬಂಧಿಸಿದ \ಸಿಸ್_ಇಫ್_ಪ್ಲಾಟ್‌ಫಾರ್ಮ್_ವಿಂಡೋಸ್ ಮತ್ತು \ಸಿಸ್_ಇಫ್_ಪ್ಲಾಟ್‌ಫಾರ್ಮ್_ಯುನಿಕ್ಸ್ ಎಂಬ ಷರತ್ತುಗಳನ್ನು ನೀವೇ ಬಳಸಿಕೊಳ್ಳಬಹುದು. ನೆನಪಿಡಬೇಕಾದ ಮಿತಿ ಒಂದೇ: ಮ್ಯಾಕ್ ಮತ್ತು ಲಿನಕ್ಸ್ ಎರಡೂ ಇಲ್ಲಿ ಯುನಿಕ್ಸ್ ಎಂದೇ ಕಾಣುತ್ತವೆ.

ಆ ಎರಡನ್ನು ಬೇರ್ಪಡಿಸಲು ಕೂಡ ಹೊರಗಿನ ಆದೇಶದ ಹಂಗಿಲ್ಲ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಟೆಕ್ ಲೈವ್‌ನ ಮೂಲ ಹೊಂದಾಣಿಕೆಯಲ್ಲಿ, ಬಳಕೆದಾರನಿಗೆ ಓದುವ ಅನುಮತಿ ಇರುವ ಯಾವ ಕಡತವನ್ನಾದರೂ ಟೆಕ್ ತೆರೆಯಬಲ್ಲದು, ಟೆಕ್ಸ್‌ಎಂಎಫ್.ಸಿಎನ್‌ಎಫ್ ಕಡತದಲ್ಲಿರುವ ಓಪನ್‌ಇನ್_ಎನಿ ಎಂಬ ಸೆಟ್ಟಿಂಗ್ ಇದನ್ನು ನಿಯಂತ್ರಿಸುತ್ತದೆ. ಇಂದಿನ ಬಹುಪಾಲು ಲಿನಕ್ಸ್ ವಿತರಣೆಗಳಲ್ಲಿ ‘/ಇಟಿಸಿ/ಓಎಸ್-ರಿಲೀಸ್’ ಎಂಬ ಪಠ್ಯ ಕಡತವಿದ್ದು, ವಿತರಣೆಯ ಹೆಸರು ಮತ್ತು ಆವೃತ್ತಿ ಅದರಲ್ಲಿ ಸಾಲುಸಾಲಾಗಿ ಇರುತ್ತವೆ. ಪ್ರೆಟಿ_ನೇಮ್ ಎಂದು ಆರಂಭವಾಗುವ ಸಾಲಿನಲ್ಲಿ ಓದುಗರಿಗೆ ತೋರಿಸಲು ತಕ್ಕ ಪೂರ್ಣ ಹೆಸರಿರುತ್ತದೆ. ಕರ್ನಲ್‌ನ ಆವೃತ್ತಿ ‘/ಪ್ರಾಕ್/ಸಿಸ್/ಕರ್ನಲ್/ಓಎಸ್‌ರಿಲೀಸ್’ ಎಂಬಲ್ಲಿ ಸಿಗುತ್ತದೆ. ಮ್ಯಾಕ್‌ನಲ್ಲಿ ‘/ಸಿಸ್ಟಂ/ಲೈಬ್ರರಿ/ಕೋರ್‌ಸರ್ವಿಸಸ್’ ಫೋಲ್ಡರಿನ ಸಿಸ್ಟಂವರ್ಷನ್.ಪಿಲಿಸ್ಟ್ ಕಡತವು ಅದೇ ಕೆಲಸಕ್ಕೆ ಒದಗುತ್ತದೆ. \ಓಪನ್‌ಇನ್ ಮೂಲಕ ಕಡತವನ್ನು ತೆರೆದು, \ರೀಡ್‌ಲೈನ್ ಮೂಲಕ ಒಂದೊಂದೇ ಸಾಲನ್ನು ಓದಿ, ಬೇಕಾದ ಸಾಲು ಸಿಕ್ಕಿದೊಡನೆ ನಿಲ್ಲಿಸಿ. ಇಲ್ಲಿ \ರೀಡ್ ಬದಲು \ರೀಡ್‌ಲೈನ್ ಬಳಸುವುದಕ್ಕೆ ಕಾರಣವಿದೆ: ಅದು ಪ್ರತಿ ಅಕ್ಷರವನ್ನೂ ಸಾಮಾನ್ಯ ಚಿಹ್ನೆಯಾಗಿಯೇ ಓದುವುದರಿಂದ, ಸಾಲಿನಲ್ಲಿ ಶೇಕಡಾ ಚಿಹ್ನೆಯೋ ಹ್ಯಾಶ್ ಚಿಹ್ನೆಯೋ ಬಂದರೆ ಟೆಕ್ ಎಡವುವುದಿಲ್ಲ. ‘/ಪ್ರಾಕ್’ ಒಳಗಿನ ಕಡತಗಳ ಗಾತ್ರವನ್ನು ಕೇಳಿದರೆ ಸೊನ್ನೆ ಎಂಬ ಉತ್ತರ ಬರುತ್ತದೆ, ಆದ್ದರಿಂದ ಗಾತ್ರವನ್ನು ನೋಡಿ ‘ಕಡತ ಖಾಲಿಯಾಗಿದೆ’ ಎಂದು ತೀರ್ಮಾನಿಸಬಾರದು.

ಕೆಲಸ ನಡೆಯುತ್ತಿರುವ ಫೋಲ್ಡರಿನ ಪೂರ್ಣ ಹಾದಿ ಬೇಕಾದವರಿಗೂ ಇಂಥದೇ ದಾರಿಯಿದೆ. ಎಂಜಿನ್ ಅನ್ನು ‘-ರೆಕಾರ್ಡರ್’ ಆಯ್ಕೆಯೊಡನೆ ಓಡಿಸಿದರೆ, ತೆರೆದ ಎಲ್ಲ ಕಡತಗಳ ಪಟ್ಟಿಯು ಎಫ್‌ಎಲ್‌ಎಸ್ ವಿಸ್ತರಣೆಯ ಕಡತದಲ್ಲಿ ದಾಖಲಾಗುತ್ತದೆ, ಮತ್ತು ಅದರ ಮೊದಲ ಸಾಲಿನಲ್ಲಿ ಪಿಡಬ್ಲ್ಯೂಡಿ ಎಂಬ ಗುರುತಿನ ಮುಂದೆ ಪ್ರಸ್ತುತ ಫೋಲ್ಡರಿನ ಹಾದಿ ಇರುತ್ತದೆ. ಕರ್‌ಫೈಲ್ ಪ್ಯಾಕೇಜು ಪೂರ್ಣ ಹಾದಿಯನ್ನು ಕೊಡುವುದು ಈ ಪಟ್ಟಿಯ ನೆರವಿನಿಂದಲೇ.

ಲುವಾಟೆಕ್ ಇದ್ದರೆ ದಾರಿ ನೇರ

ಎಂಜಿನ್ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಲುವಾಟೆಕ್ ಅನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಈ ಲೇಖನದ ಬಹುತೇಕ ಪ್ರಶ್ನೆಗಳಿಗೆ ಅದರೊಳಗಿನ ಲುವಾ ಭಾಷೆಯೇ ಉತ್ತರಿಸುತ್ತದೆ. \ಡೈರೆಕ್ಟ್‌ಲುವಾ ಆದೇಶದ ಒಳಗೆ ಓಎಸ್.ಟೈಪ್ ಎಂಬ ಮೌಲ್ಯವು ಯುನಿಕ್ಸ್ ಅಥವಾ ವಿಂಡೋಸ್ ಎಂಬ ಕುಲವನ್ನು ಕೊಡುತ್ತದೆ; ಓಎಸ್.ನೇಮ್ ಇನ್ನೂ ನಿಖರವಾಗಿ ಲಿನಕ್ಸ್, ಮ್ಯಾಕ್‌ಓಎಸ್‌ಎಕ್ಸ್, ಫ್ರೀಬಿಎಸ್‌ಡಿ ಮುಂತಾದ ಹೆಸರನ್ನು ಕೊಡುತ್ತದೆ. ಓಎಸ್.ಯುನೇಮ್ ಎಂಬ ಕಾರ್ಯವು ಓಡುವ ಹೊತ್ತಿನಲ್ಲಿ ವ್ಯವಸ್ಥೆಯನ್ನೇ ವಿಚಾರಿಸಿ, ಸಿಸ್‌ನೇಮ್, ನೋಡ್‌ನೇಮ್, ರಿಲೀಸ್, ವರ್ಷನ್, ಮಷೀನ್ ಎಂಬ ಐದು ಅಂಶಗಳ ಕೋಷ್ಟಕವನ್ನು ಹಿಂದಿರುಗಿಸುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಗೆ (ವ್ಯವಸ್ಥೆಯು ಪ್ರೋಗ್ರಾಮುಗಳಿಗೆ ಒದಗಿಸುವ ಹೆಸರಿಟ್ಟ ಮೌಲ್ಯಗಳಿಗೆ) ಓಎಸ್.ಗೆಟ್‌ಎನ್ವ್, ದಿನಾಂಕ ಮತ್ತು ಸಮಯಕ್ಕೆ ಓಎಸ್.ಡೇಟ್, ಪ್ರಸ್ತುತ ಫೋಲ್ಡರಿಗೆ ಎಲ್‌ಎಫ್‌ಎಸ್.ಕರೆಂಟ್‌ಡಿರ್, ಫೋಲ್ಡರಿನ ಒಳಗಿನ ಪಟ್ಟಿಗೆ ಎಲ್‌ಎಫ್‌ಎಸ್.ಡಿರ್ ಇವೆ. ಇವು ಯಾವುವೂ ಶೆಲ್ ಅನುಮತಿಯನ್ನು, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ಆದೇಶಗಳನ್ನು ಓಡಿಸುವ ಅನುಮತಿಯನ್ನು, ಬೇಡುವುದಿಲ್ಲ.

ಉತ್ತರವನ್ನು ಪುಟದ ಮೇಲೆ ಇಳಿಸುವಾಗ ಎಚ್ಚರ ಬೇಕು. ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಮೌಲ್ಯದಲ್ಲಿ ಅಂಡರ್‌ಸ್ಕೋರ್ ಇದ್ದರೆ ಟೆಕ್ ಅದನ್ನು ಗಣಿತದ ಕೆಳಬರಹವೆಂದು ತಿಳಿದು ದೋಷ ತೋರಿಸುತ್ತದೆ. ವಿಂಡೋಸ್ ಹಾದಿಯ ಬ್ಯಾಕ್‌ಸ್ಲ್ಯಾಶ್ ಇನ್ನೊಂದು ಆದೇಶದ ಆರಂಭವಾಗಿಬಿಡುತ್ತದೆ. ಟೆಕ್.ಪ್ರಿಂಟ್ ಕಾರ್ಯಕ್ಕೆ ಮೊದಲ ಅಂಶವಾಗಿ -2 ಎಂಬ ಸಂಖ್ಯೆಯನ್ನು ಕೊಟ್ಟರೆ, ಖಾಲಿ ಜಾಗವೊಂದನ್ನು ಬಿಟ್ಟು ಉಳಿದ ಎಲ್ಲ ಅಕ್ಷರಗಳೂ ಯಾವ ವಿಶೇಷ ಅರ್ಥವೂ ಇಲ್ಲದ ಚಿಹ್ನೆಗಳಾಗಿ ಒಳಬರುತ್ತವೆ. ಮೌಲ್ಯವೇ ಇಲ್ಲದಿದ್ದಾಗ ಓಎಸ್.ಗೆಟ್‌ಎನ್ವ್ ನಿಲ್ ಎಂಬುದನ್ನು ಹಿಂದಿರುಗಿಸುವುದರಿಂದ, ‘ಅಥವಾ’ ಎಂಬರ್ಥದ ಆರ್ ಪದವನ್ನು ಬಳಸಿ ಬದಲಿ ಪಠ್ಯವೊಂದನ್ನು ಮೊದಲೇ ಸೇರಿಸಿಡಿ. ಲುವಾ ಭಾಗವು ನಾಲ್ಕೈದು ಸಾಲುಗಳನ್ನು ಮೀರಿದರೆ ಅದನ್ನು ಪ್ರತ್ಯೇಕ ಲುವಾ ಕಡತಕ್ಕೆ ಸಾಗಿಸುವುದು ಒಳಿತು; \ಡೈರೆಕ್ಟ್‌ಲುವಾ ಒಳಗೆ ಶೇಕಡಾ ಮತ್ತು ಹ್ಯಾಶ್ ಚಿಹ್ನೆಗಳನ್ನು ಲುವಾಗಿಂತ ಮೊದಲು ಟೆಕ್ ನುಂಗಿಬಿಡುತ್ತದೆ.

ಶೆಲ್ ಅನುಮತಿಯ ಮೂರು ಸ್ಥಿತಿಗಳು

ಇಷ್ಟರಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಹೊರಗಿನ ಆದೇಶವನ್ನು ಓಡಿಸುವ ಮಾತು ಬರುತ್ತದೆ. ಇದರ ಸಾಂಪ್ರದಾಯಿಕ ಬಾಗಿಲು \ರೈಟ್18. ಟೆಕ್‌ನಲ್ಲಿ 0ಯಿಂದ 15ರವರೆಗಿನ ಬರಹದ ತೊರೆಗಳು ಮಾತ್ರ ಕಡತಗಳಿಗೆ ಮೀಸಲು. ಅದಕ್ಕೂ ಮೇಲಿನ ಸಂಖ್ಯೆಗೆ ಬರೆದದ್ದು ಪರದೆ ಮತ್ತು ಲಾಗ್‌ಗೆ ಹೋಗುತ್ತದೆ. ಆ ಸಂಖ್ಯೆಗಳಲ್ಲಿ 18ನ್ನು ಮುಂದೆ ವಿಶೇಷವಾಗಿಸಿ, ಅದಕ್ಕೆ ಬರೆದ ಪಠ್ಯವನ್ನು ಶೆಲ್‌ಗೆ ಒಪ್ಪಿಸುವ ವ್ಯವಸ್ಥೆ ಬಂತು. ಇದರ ಮೂಲಕ ಬಳಕೆದಾರ ಮಾಡಬಲ್ಲ ಯಾವುದೇ ಕೆಲಸವನ್ನೂ, ಕಡತಗಳನ್ನು ಅಳಿಸುವುದನ್ನೂ ಸೇರಿಸಿ, ದಾಖಲೆಯೊಂದು ಮಾಡಬಲ್ಲದು. ಆದ್ದರಿಂದ ಎಂಜಿನ್ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಪೂರ್ತಿ ಮುಚ್ಚಿದ ಸ್ಥಿತಿ, ಪೂರ್ತಿ ತೆರೆದ ಸ್ಥಿತಿ, ಮತ್ತು ನಿರ್ಬಂಧಿತ ಸ್ಥಿತಿ. ಟೆಕ್ ಲೈವ್‌ನಲ್ಲಿ 2010ರಿಂದ ನಿರ್ಬಂಧಿತ ಸ್ಥಿತಿಯೇ ವಾಡಿಕೆ, ಅದರಲ್ಲಿ ಟೆಕ್ಸ್‌ಎಂಎಫ್.ಸಿಎನ್‌ಎಫ್ ಕಡತದ ಪಟ್ಟಿಯಲ್ಲಿರುವ ಕೆಲವೇ ಆದೇಶಗಳು ಓಡುತ್ತವೆ. ಬಿಬ್‌ಟೆಕ್, ಮೇಕ್‌ಇಂಡೆಕ್ಸ್, ಕೆಪಿಎಸ್‌ಇವಿಚ್ ಆ ಪಟ್ಟಿಯಲ್ಲಿವೆ, ಯುನೇಮ್ ಇಲ್ಲ.

ಯಾವ ಸ್ಥಿತಿಯಲ್ಲಿದ್ದೇವೆ ಎಂಬುದನ್ನು ದಾಖಲೆಯೇ ಕಂಡುಕೊಳ್ಳಬಲ್ಲದು. ಪಿಡಿಎಫ್‌ಟೆಕ್‌ನ \ಪಿಡಿಎಫ್‌ಶೆಲ್‌ಎಸ್ಕೇಪ್, ಜೀಟೆಕ್‌ನ \ಶೆಲ್‌ಎಸ್ಕೇಪ್, ಲುವಾಟೆಕ್‌ನ ಸ್ಟೇಟಸ್.ಶೆಲ್_ಎಸ್ಕೇಪ್ ಇವು ಮೂರೂ ಮುಚ್ಚಿದ್ದರೆ 0, ತೆರೆದಿದ್ದರೆ 1, ನಿರ್ಬಂಧಿತವಾಗಿದ್ದರೆ 2 ಎಂದು ಹೇಳುತ್ತವೆ. ಎಂಜಿನ್ ಯಾವುದೆಂದು ಯೋಚಿಸದೆ ಕೆಲಸ ಮಾಡಬೇಕಾದರೆ ಎಕ್ಸ್‌ಪಿಎಲ್3ನ \ಸಿಸ್_ಇಫ್_ಶೆಲ್ ಷರತ್ತನ್ನು ಬಳಸಿ. ಯಾವುದೇ ಶೆಲ್ ಆದೇಶಕ್ಕೂ ಮೊದಲು ಈ ಪರೀಕ್ಷೆ ಇರಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅನುಮತಿಯಿಲ್ಲದಾಗ \ರೈಟ್18 ದೋಷವನ್ನು ತೋರಿಸದೆ ಸುಮ್ಮನೆ ಮುಂದೆ ಹೋಗುತ್ತದೆ. ನಡೆದದ್ದು ಏನೆಂದು ತಿಳಿಯಲು ಲಾಗ್‌ನಲ್ಲಿ ‘ರನ್‌ಸಿಸ್ಟಂ’ ಎಂಬ ಪದವಿರುವ ಸಾಲನ್ನು ಹುಡುಕಬೇಕಾಗುತ್ತದೆ.

ಎರಡು ಸೂಕ್ಷ್ಮಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. \ರೈಟ್18ಕ್ಕೆ ಮುಂಚೆ \ಇಮ್ಮೀಡಿಯೇಟ್ ಬರೆಯದಿದ್ದರೆ, ಆದೇಶವು ಆ ಪುಟ ಹೊರಬೀಳುವವರೆಗೆ ಕಾಯುತ್ತದೆ, ಹಾಗಾಗಿ ಮುಂದಿನ ಸಾಲಿನಲ್ಲಿ ಫಲಿತಾಂಶವನ್ನು ನಿರೀಕ್ಷಿಸಿದರೆ ಅದು ಇನ್ನೂ ಹುಟ್ಟಿರುವುದಿಲ್ಲ. ಲುವಾಟೆಕ್‌ನಲ್ಲಿ 0.85ನೇ ಆವೃತ್ತಿಯಿಂದ 18ನೇ ತೊರೆಗೆ ವಿಶೇಷ ಅರ್ಥವೇ ಇಲ್ಲ, ಅಲ್ಲಿ ಓಎಸ್.ಎಕ್ಸಿಕ್ಯೂಟ್ ಬಳಸಬೇಕು, ಇಲ್ಲವೇ ಎಲ್ಲ ಎಂಜಿನ್‌ಗಳಿಗೂ ಹೊಂದುವ ಶೆಲ್‌ಎಸ್ಕ್ ಪ್ಯಾಕೇಜಿನ \ಶೆಲ್‌ಎಸ್ಕೇಪ್ ಆದೇಶವನ್ನು ಬಳಸಬೇಕು.

ನಿರ್ಬಂಧಿತ ಸ್ಥಿತಿಯಲ್ಲೇ ಉತ್ತರ ಕೊಡುವ ಸಾಧನಗಳು

ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದರ ಮೌಲ್ಯ ಬೇಕು, ಲುವಾಟೆಕ್ ಇಲ್ಲ ಎಂದಾದರೆ, ಟೆಕ್ ಕಡತಗಳನ್ನು ಹುಡುಕಿಕೊಡುವ ಕೆಪಿಎಸ್‌ಇವಿಚ್ ಎಂಬ ಆದೇಶ ಒದಗುತ್ತದೆ. ಅದರ ‘-ವಾರ್-ವ್ಯಾಲ್ಯೂ’ ಆಯ್ಕೆಗೆ ವೇರಿಯಬಲ್‌ನ ಹೆಸರನ್ನು ಕೊಟ್ಟರೆ ಮೌಲ್ಯವನ್ನು ಹೇಳುತ್ತದೆ, ಮತ್ತು ಅದು ಅನುಮತಿಸಿದ ಪಟ್ಟಿಯಲ್ಲಿಯೇ ಇದೆ. ಬಳಕೆದಾರನ ಭಾಷೆ ಮತ್ತು ಪ್ರದೇಶದ ಹೊಂದಾಣಿಕೆಯನ್ನು ತಿಳಿಯಲು ಟ್ರ್ಯಾಕ್‌ಲ್ಯಾಂಗ್ ಪ್ಯಾಕೇಜು ಎಲ್‌ಸಿ_ಆಲ್ ಮತ್ತು ಲ್ಯಾಂಗ್ ವೇರಿಯಬಲ್‌ಗಳನ್ನು ಹೀಗೆ ಕೇಳುತ್ತದೆ.

ಫೋಲ್ಡರಿನ ಪಟ್ಟಿ ಅಥವಾ ಪ್ರಸ್ತುತ ಫೋಲ್ಡರಿನ ಹೆಸರಿಗಾಗಿ ಲೇಟೆಕ್ ತಂಡವೇ 2024ರಲ್ಲಿ ಎಲ್3ಸಿಸ್-ಕ್ವೆರಿ ಎಂಬ ಸಣ್ಣ ಲುವಾ ಲಿಪಿಯನ್ನು (ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಮನ್ನು) ಒದಗಿಸಿತು. ಅದು ‘ಎಲ್‌ಎಸ್’ ಮತ್ತು ‘ಪಿಡಬ್ಲ್ಯೂಡಿ’ ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತದೆ, ಪಿಡಿಎಫ್‌ಟೆಕ್ ಮತ್ತು ಜೀಟೆಕ್‌ನಿಂದಲೂ ಕರೆಯಬಹುದು, ಎಲ್ಲ ವ್ಯವಸ್ಥೆಗಳಲ್ಲೂ ಒಂದೇ ರೂಪದ ಉತ್ತರ ಕೊಡುತ್ತದೆ. ಟೆಕ್ ಜೊತೆಗೇ ಬರುವ ಲುವಾ ಸಾಕಾಗುವುದರಿಂದ ಬೇರೇನನ್ನೂ ಸ್ಥಾಪಿಸಬೇಕಿಲ್ಲ. ದಾಖಲೆಯಲ್ಲಿ \ಸಿಸ್_ಗೆಟ್_ಕ್ವೆರಿ ಮೂಲಕ ಅದನ್ನು ಕರೆಯಿರಿ.

ಇನ್ನೂ ವಿಸ್ತಾರವಾದ ಸಾಧನವೆಂದರೆ ನಿಕೋಲಾ ಟಾಲ್ಬಟ್ ಅವರ ಟೆಕ್‌ಓಎಸ್‌ಕ್ವೆರಿ. ವ್ಯವಸ್ಥೆಯ ಹೆಸರು, ಆವೃತ್ತಿ, ಪ್ರೊಸೆಸರ್ ಬಗೆ, ಈ ಕ್ಷಣದ ದಿನಾಂಕ, ಕಡತದ ಗಾತ್ರ, ಫೋಲ್ಡರಿನ ಪಟ್ಟಿ ಇವುಗಳ ಜೊತೆಗೆ, ಭಾಷಾ ಹೊಂದಾಣಿಕೆಯ ವಿವರಗಳನ್ನೂ, ಅಂದರೆ ತಿಂಗಳುಗಳ ಹೆಸರು, ಸಂಖ್ಯೆಗಳನ್ನು ಬರೆಯುವ ಕ್ರಮ ಮುಂತಾದವನ್ನೂ ಅದು ತಂದುಕೊಡುತ್ತದೆ. ಇದು ಜಾವಾದಲ್ಲಿ ಬರೆದದ್ದು. ಹಾಗಾಗಿ ಯಂತ್ರದಲ್ಲಿ ಜಾವಾ ಇರಬೇಕು. ಜಾವಾ 5, 7 ಮತ್ತು 8ಕ್ಕೆ ಬೇರೆಬೇರೆ ರೂಪಗಳಿದ್ದು, ಅವುಗಳಲ್ಲಿ ಜಾವಾ 8ರ ರೂಪವು ಟೆಕ್ ಲೈವ್‌ನ ಅನುಮತಿಸಿದ ಪಟ್ಟಿಯಲ್ಲಿದೆ. ವ್ಯವಸ್ಥೆಯ ಹೆಸರು ಮಾತ್ರ ಬೇಕಾದವರು ಇದನ್ನು ತರುವ ಅಗತ್ಯವಿಲ್ಲ. ಭಾಷಾ ಹೊಂದಾಣಿಕೆಯ ವಿವರ ಬೇಕಾದವರಿಗೆ ಮಾತ್ರ ಇದು ಪಡುವ ಶ್ರಮಕ್ಕೆ ತಕ್ಕ ಫಲ ಕೊಡುತ್ತದೆ.

ಪೂರ್ತಿ ಅನುಮತಿ ಅನಿವಾರ್ಯವಾದಾಗ

ಮ್ಯಾಕ್‌ನ ಎಸ್‌ಡಬ್ಲ್ಯೂ_ವರ್ಸ್, ಯುನಿಕ್ಸ್‌ನ ಯುನೇಮ್, ವಿಂಡೋಸ್‌ನ ವರ್ ಇಂಥ ಆದೇಶಗಳ ಉತ್ತರವನ್ನೇ ಪಡೆಯಬೇಕಾದರೆ ‘-ಶೆಲ್-ಎಸ್ಕೇಪ್’ ಆಯ್ಕೆಯೊಡನೆ ಎಂಜಿನ್ ಓಡಿಸಬೇಕಾಗುತ್ತದೆ. ಆಗಲೂ ಫಲಿತಾಂಶವನ್ನು ತಾತ್ಕಾಲಿಕ ಕಡತಕ್ಕೆ ಬರೆಸಿ ಮತ್ತೆ ಓದುವ ಸುತ್ತುದಾರಿ ಬೇಡ. ಕಡತದ ಹೆಸರಿರಬೇಕಾದ ಕಡೆ ಲಂಬಗೆರೆಯೊಂದನ್ನು ಹಾಕಿ, ಆದೇಶವನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದರೆ, ಅದರ ಉತ್ತರವನ್ನೇ ಕಡತದಂತೆ \ಇನ್‌ಪುಟ್ ಓದಿಕೊಳ್ಳುತ್ತದೆ. ಎಕ್ಸ್‌ಪಿಎಲ್3ನ \ಸಿಸ್_ಗೆಟ್_ಶೆಲ್ ಇದನ್ನೇ ಅಚ್ಚುಕಟ್ಟಾಗಿ ಮಾಡಿ, ಉತ್ತರವನ್ನು ನೀವು ಹೇಳಿದ ಚರದಲ್ಲಿ ಇಡುತ್ತದೆ. ವಿಫಲವಾದರೆ ಏನು ಮಾಡಬೇಕೆಂಬ ಶಾಖೆಯನ್ನೂ ಬರೆಯಲು ಅವಕಾಶ ಕೊಡುತ್ತದೆ. ಅದರ ಎರಡನೆಯ ಅಂಶದಲ್ಲಿ ಅಕ್ಷರಗಳ ವರ್ಗಸಂಕೇತಗಳನ್ನು, ಅಂದರೆ ಯಾವ ಅಕ್ಷರಕ್ಕೆ ಟೆಕ್ ಯಾವ ಅರ್ಥ ಕೊಡಬೇಕೆಂದು ಹೇಳುವ ಸಂಖ್ಯೆಗಳನ್ನು, ಬದಲಿಸಬಹುದು. ಉತ್ತರದಲ್ಲಿ ವಿಶೇಷ ಚಿಹ್ನೆಗಳು ಬರುವ ಸಾಧ್ಯತೆಯಿದ್ದರೆ ಎಲ್ಲವನ್ನೂ ಸಾಮಾನ್ಯ ಚಿಹ್ನೆಗಳಾಗಿಸುವ ಕೋಷ್ಟಕವನ್ನು ಅಲ್ಲಿ ಆರಿಸಿ. ಸಾಲಿನ ಕೊನೆಯು ಸಾಮಾನ್ಯವಾಗಿ ಒಂದು ಖಾಲಿ ಜಾಗವಾಗಿ ಉತ್ತರಕ್ಕೆ ಅಂಟಿಕೊಳ್ಳುತ್ತದೆ. ‘ಲಿನಕ್ಸ್’ ಎಂಬ ಪದದೊಡನೆ ಹೋಲಿಸಿದಾಗ ಎರಡೂ ಒಂದೇ ಅಲ್ಲ ಎಂಬ ಅಚ್ಚರಿಯ ಫಲಿತಾಂಶಕ್ಕೆ ಬಹುತೇಕ ಈ ಖಾಲಿ ಜಾಗವೇ ಕಾರಣ. \ಎಂಡ್‌ಲೈನ್‌ಚಾರ್ ಮೌಲ್ಯವನ್ನು -1 ಮಾಡಿದರೆ ಅದು ತೊಲಗುತ್ತದೆ. ಮ್ಯಾಕ್‌ನಲ್ಲಿ ಯುನೇಮ್ ಕೊಡುವ ಉತ್ತರ ‘ಡಾರ್ವಿನ್’ ಎಂದಿರುತ್ತದೆ ಎಂಬುದನ್ನೂ ಹೋಲಿಕೆ ಬರೆಯುವಾಗ ಗಮನದಲ್ಲಿಡಿ. ವಿಂಡೋಸ್, ಲಿನಕ್ಸ್, ಮ್ಯಾಕ್, ಸಿಗ್ವಿನ್ ಇವುಗಳನ್ನು ಬೇರ್ಪಡಿಸುವುದಷ್ಟೇ ಉದ್ದೇಶವಾಗಿದ್ದರೆ ಇಫ್‌ಪ್ಲಾಟ್‌ಫಾರ್ಮ್ ಪ್ಯಾಕೇಜು ಈ ಹೋಲಿಕೆಗಳನ್ನು ನಿಮಗಾಗಿ ಬರೆದಿಟ್ಟಿದೆ.

ಬೇರೆಯವರಿಂದ ಬಂದ ದಾಖಲೆಯನ್ನು ಪೂರ್ತಿ ಅನುಮತಿಯೊಡನೆ ಎಂದೂ ಓಡಿಸಬೇಡಿ. ಈ ವಿಷಯದಲ್ಲಿ ಎಂಜಿನ್‌ನ ಆವೃತ್ತಿಯೂ ಮುಖ್ಯ: ಅನುಮತಿ ಇಲ್ಲದಿದ್ದರೂ ಲುವಾ ಮೂಲಕ ಆದೇಶ ಓಡಿಸಲು ಎಡೆಮಾಡಿದ್ದ ದೋಷವೊಂದನ್ನು 2023ರಲ್ಲಿ ಲುವಾಟೆಕ್ 1.17.0 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಅದಕ್ಕಿಂತ ಹಳೆಯ ಆವೃತ್ತಿ ನಿಮ್ಮಲ್ಲಿದ್ದರೆ ಮೊದಲು ಅದನ್ನು ನವೀಕರಿಸಿ.

ಒಳಗಿಂದ ಕೇಳುವುದಕ್ಕಿಂತ ಹೊರಗಿಂದ ಕೊಡುವುದು

ದಾಖಲೆಯನ್ನು ಒಂದು ಮೇಕ್‌ಫೈಲ್ (ಜೋಡಣೆಯ ಹೆಜ್ಜೆಗಳನ್ನು ಬರೆದಿಟ್ಟ ಕಡತ) ಅಥವಾ ಲಿಪಿಯ ಮೂಲಕ ಜೋಡಿಸುವವರಿಗೆ ಇದಕ್ಕಿಂತ ಉತ್ತಮ ದಾರಿ ಇಲ್ಲವೆಂದು ನಾನು ನಂಬಿದ್ದೇನೆ. ಆ ಲಿಪಿಗೆ ವ್ಯವಸ್ಥೆಯ ಎಲ್ಲ ವಿವರವೂ ಮೊದಲೇ ಗೊತ್ತಿರುತ್ತದೆ. ಎಂಜಿನ್‌ಗೆ ಕಡತದ ಹೆಸರಿನ ಬದಲು, ಒಂದು \ಡೆಫ್ ಮತ್ತು ಅದರ ಹಿಂದೆಯೇ ಕಡತವನ್ನು ಕರೆಯುವ \ಇನ್‌ಪುಟ್ ಇರುವ ಪಠ್ಯವನ್ನು ಕೊಟ್ಟರೆ, ಆ ಮೌಲ್ಯವು ದಾಖಲೆಯೊಳಗೆ ಮ್ಯಾಕ್ರೋ ಆಗಿ ಸಿಗುತ್ತದೆ. ಜೋಡಣೆಯನ್ನು ತಾನಾಗಿ ನಡೆಸುವ ಲೇಟೆಕ್‌ಎಂಕೆ ಬಳಸುವವರಿಗೆ ಇದಕ್ಕಾಗಿಯೇ ‘-ಯೂಸ್‌ಪ್ರಿಟೆಕ್’ ಆಯ್ಕೆಯಿದೆ. ದಾಖಲೆಯೊಳಗೆ \ಪ್ರೊವೈಡ್‌ಕಮಾಂಡ್ ಮೂಲಕ ಅದೇ ಹೆಸರಿಗೆ ಬದಲಿ ಮೌಲ್ಯ ಕೊಟ್ಟಿಟ್ಟರೆ, ಹೊರಗಿಂದ ಏನೂ ಬಾರದಿದ್ದರೂ ಜೋಡಣೆ ನಿಲ್ಲುವುದಿಲ್ಲ. ಗಿಟ್‌ಇನ್‌ಫೋ2 ಪ್ಯಾಕೇಜು ಇದೇ ತತ್ತ್ವದ್ದು: ಕಡತಗಳ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ ಬದಲಾವಣೆ ದಾಖಲಾದಾಗ ಓಡುವ ಹುಕ್ ಲಿಪಿಯು ಆವೃತ್ತಿಯ ವಿವರಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ, ಲೇಟೆಕ್ ಅದನ್ನು ಸುಮ್ಮನೆ ಓದಿಕೊಳ್ಳುತ್ತದೆ. ಬೇರೆ ಅಕ್ಷರಜೋಡಣೆ ವ್ಯವಸ್ಥೆಗಳ ಒಲವೂ ಈ ಕಡೆಗೇ ಇದೆ. ಟೈಪ್‌ಸ್ಟ್‌ನಲ್ಲಿ ದಾಖಲೆಯು ಹೊರಗಿನ ಆದೇಶವನ್ನು ಓಡಿಸುವಂತೆಯೇ ಇಲ್ಲ. ‘--ಇನ್‌ಪುಟ್’ ಆಯ್ಕೆಯ ಮೂಲಕ ಕೊಟ್ಟ ಮೌಲ್ಯಗಳು ಸಿಸ್.ಇನ್‌ಪುಟ್ಸ್ ಎಂಬಲ್ಲಿ ದೊರೆಯುತ್ತವೆ. ಜೀರಾಫ್ (groff) ವ್ಯವಸ್ಥೆಯಲ್ಲಿ ಹೊರಗಿನ ಆದೇಶ ಓಡಿಸುವ ಸೌಲಭ್ಯವಿದ್ದರೂ, ‘-ಯು’ (ದೊಡ್ಡಕ್ಷರದ U) ಆಯ್ಕೆಯನ್ನು ಕೊಡದ ಹೊರತು ಅದು ಮುಚ್ಚಿಯೇ ಇರುತ್ತದೆ.

ಹಂಚುವ ಮೊದಲು ಪರೀಕ್ಷಿಸಿ

ಯಂತ್ರದ ಮಾಹಿತಿ ಪಿಡಿಎಫ್‌ಗೆ ಸೇರಿದರೆ ಓದುಗರೆಲ್ಲರಿಗೂ ಅದು ತಲುಪುತ್ತದೆ. ನೋಡ್‌ನೇಮ್ ಯಂತ್ರದ ಹೆಸರನ್ನೂ, ಪೂರ್ಣ ಹಾದಿಯು ಬಹುತೇಕ ಬಳಕೆದಾರನ ಹೆಸರನ್ನೂ ಹೊರಗೆಡಹುತ್ತವೆ. ಇವುಗಳನ್ನು ನಿಜವಾಗಿ ಅಗತ್ಯವಿದ್ದರೆ ಮಾತ್ರ ಮುದ್ರಿಸಿ. ನೀವು ಕೇಳದಿದ್ದರೂ ಪಿಡಿಎಫ್‌ಟೆಕ್ ತನ್ನ ಬ್ಯಾನರ್ ಅನ್ನೂ, ಸೇರಿಸಿದ ಪಿಡಿಎಫ್ ಚಿತ್ರಗಳ ಕಡತದ ಹೆಸರುಗಳನ್ನೂ ಒಳಗೆ ಬರೆಯುತ್ತದೆ; \ಪಿಡಿಎಫ್‌ಸಪ್ರೆಸ್‌ಪಿಟೆಕ್ಸ್‌ಇನ್‌ಫೋ ಮೌಲ್ಯವನ್ನು -1 ಮಾಡಿ ಅದನ್ನು ತಡೆಯಬಹುದು. ಒಂದೇ ಮೂಲದಿಂದ ಪ್ರತಿ ಬಾರಿಯೂ ಬೈಟ್‌ವರೆಗೆ ಒಂದೇ ಆದ ಪಿಡಿಎಫ್ ಬರಬೇಕಾದ ಕಡೆ ಸೋರ್ಸ್_ಡೇಟ್_ಇಪಾಕ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ನಿಗದಿತ ಸಮಯವನ್ನು ಕೊಡಿ. \ಇಯರ್, \ಟೈಮ್ ಮುಂತಾದ ಟೆಕ್‌ನ ಮೂಲ ಆದೇಶಗಳೂ ಅದೇ ಸಮಯವನ್ನು ತೋರಿಸಬೇಕಾದರೆ ಫೋರ್ಸ್_ಸೋರ್ಸ್_ಡೇಟ್ ಎಂಬುದಕ್ಕೆ 1 ಎಂಬ ಮೌಲ್ಯವನ್ನೂ ಕೊಡಬೇಕು.

ಕೊನೆಯದಾಗಿ ದಾಖಲೆಯನ್ನು ‘-ನೋ-ಶೆಲ್-ಎಸ್ಕೇಪ್’, ‘-ಶೆಲ್-ರೆಸ್ಟ್ರಿಕ್ಟೆಡ್’, ‘-ಶೆಲ್-ಎಸ್ಕೇಪ್’ ಎಂಬ ಮೂರೂ ಆಯ್ಕೆಗಳೊಡನೆ ಒಮ್ಮೊಮ್ಮೆ ಓಡಿಸಿ. ಮೂರರಲ್ಲೂ ಜೋಡಣೆ ದೋಷವಿಲ್ಲದೆ ಮುಗಿಯಬೇಕು, ಮತ್ತು ಮಾಹಿತಿ ಸಿಗದ ಕಡೆ ನೀವು ಗೊತ್ತುಮಾಡಿದ ಬದಲಿ ಪಠ್ಯವೇ ಪುಟದ ಮೇಲೆ ಕಾಣಬೇಕು. ಬದಲಿ ಪಠ್ಯದ ಉದ್ದ ಬೇರೆಯಾಗಿದ್ದರೆ ಸಾಲುಗಳು ಮುರಿಯುವ ಜಾಗವೂ ಬದಲಾಗಿ ಪುಟಸಂಖ್ಯೆಗಳವರೆಗೆ ಅದರ ಪರಿಣಾಮ ಹಬ್ಬಬಹುದು. ಆದ್ದರಿಂದ ವ್ಯವಸ್ಥೆಯ ವಿವರವನ್ನು ಪರಿಚ್ಛೇದದ ನಡುವೆ ಇಡದೆ ಪ್ರತ್ಯೇಕ ಸಾಲಿನಲ್ಲೋ ಕೋಷ್ಟಕದ ಒಂದು ಮನೆಯಲ್ಲೋ ಇಡಿ.